ಕಂಚಿನ ಸಾಕ್ಷ್ಯ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಮೈಸೂರಿನ ನಮ್ಮ ಮೊಹಲ್ಲಾಗಳಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವುದನ್ನು ಹಿರಿಯರೆಲ್ಲ ನೋಡಿದ್ದೀರಿ. ಕಲಾಯಿಗೆ ಬಳಸುವುದು ತವರ. ಅದೇ ತವರವನ್ನು ತಾಮ್ರದೊಡನೆ ಕರಗಿಸಿ ಬೆರೆಸಿದರೆ ಕಂಚು. ಸಾವಿರ ವರ್ಷಗಳ ಹಿಂದೆ ದಕ್ಷಿಣ ಭಾರತದ ಶಿಲ್ಪಿಗಳು ಈ ಕಂಚಿಗೆ ಸೀಸವನ್ನೂ ಸೇರಿಸಿ ವಿಗ್ರಹಗಳನ್ನು ಎರಕ ಹೊಯ್ದರು. ಆದರೆ ಬಹುಪಾಲು ವಿಗ್ರಹಗಳ ಮೇಲೆ ಇಸವಿ ಬರೆದಿಲ್ಲ. ಹಾಗಾದರೆ ಕಾಲವನ್ನು ತಿಳಿಯುವುದು ಹೇಗೆ? ಶೈಲಿ ನೋಡಿ ವಿದ್ವಾಂಸರು ಹೇಳುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಒಪ್ಪಿಗೆಯಾಗುತ್ತಿರಲಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಡಾ. ಶಾರದಾ ಶ್ರೀನಿವಾಸನ್ ಈ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರ ಹುಡುಕಿದರು. ಅವರು ಓದಿದ್ದು ಮುಂಬೈ ಐಐಟಿಯಲ್ಲಿ ಎಂಜಿನಿಯರಿಂಗ್ ಭೌತಶಾಸ್ತ್ರ. ಜೊತೆಗೆ ಭರತನಾಟ್ಯ ಕಲಾವಿದೆ. ವಿಗ್ರಹಗಳಿಂದ ಚಿಟಿಕೆಯಷ್ಟು ಲೋಹದ ಪುಡಿ ತೆಗೆದು ಪರೀಕ್ಷಿಸಿ, 1996ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಪರೀಕ್ಷೆಯ ಗುಟ್ಟು ಸೀಸದಲ್ಲಿದೆ. ಸೀಸದಲ್ಲಿ ತೂಕದಲ್ಲಿ ಬೇರೆಯಾದ ನಾಲ್ಕು ಬಗೆಯ ಪರಮಾಣುಗಳಿವೆ: 204, 206, 207, 208. ಭೂಮಿಯೊಳಗೆ ಯುರೇನಿಯಂ, ಥೋರಿಯಂ ಕ್ಷಯಿಸಿದಂತೆ ಕೊನೆಯ ಮೂರು ಹೆಚ್ಚುತ್ತವೆ. ಹೀಗಾಗಿ ಅವುಗಳ ಪ್ರಮಾಣ ಅದಿರಿನಿಂದ ಅದಿರಿಗೆ ಬೇರೆಯಾಗುತ್ತದೆ. ಕುಲುಮೆಯಲ್ಲಿ ಕರಗಿಸಿದರೂ ಈ ಗುರುತು ಅಳಿಯದು. ಕಾಲ ಖಚಿತವಾಗಿ ಗೊತ್ತಿರುವ ವಿಗ್ರಹಗಳ ಗುರುತಿನೊಡನೆ ಗೊತ್ತಿಲ್ಲದ ವಿಗ್ರಹದ ಗುರುತನ್ನು ಹೋಲಿಸಿ ನೋಡುತ್ತಾರೆ. ಚೋಳರ ಕಾಲದ್ದೆಂದು ಎಣಿಸಿದ್ದ ಕೆಲವು ನಟರಾಜ ವಿಗ್ರಹಗಳು ಇನ್ನೂ ಹಿಂದಿನ ಪಲ್ಲವರ ಕಾಲದವು ಎಂದು ಅವರು ವಾದಿಸಿದ್ದು ಈ ಆಧಾರದಿಂದಲೇ. ಪಂಚಲೋಹವೆಂದು ಕರೆಯುವ ವಿಗ್ರಹಗಳಲ್ಲಿರುವುದು ಮುಖ್ಯವಾಗಿ ತಾಮ್ರ, ತವರ, ಸೀಸ. ಬಂಗಾರ, ಬೆಳ್ಳಿ ಲೇಶಮಾತ್ರ ಎಂಬುದೂ ಪರೀಕ್ಷೆಯಿಂದ ತಿಳಿಯಿತು.

ವಿಜ್ಞಾನಕ್ಕೂ ಮಿತಿಯುಂಟು. ಹಳೆಯ ಪಾತ್ರೆ ಪಗಡಗಳನ್ನು ಒಟ್ಟಿಗೆ ಕರಗಿಸಿ ಎರಕ ಹೊಯ್ದಿದ್ದರೆ ಗುರುತುಗಳು ಕಲಸಿಹೋಗುತ್ತವೆ. ಆದ್ದರಿಂದ ಶಾಸನ, ಶೈಲಿ, ಲೋಹ ಮೂರನ್ನೂ ಕೂಡಿಸಿ ಓದಬೇಕು.

ವಿದ್ಯಾರ್ಥಿಗಳೆ, ವಿಜ್ಞಾನ ಓದಿದವರಿಗೆ ಇತಿಹಾಸ ಬೇಡ, ಇತಿಹಾಸ ಓದುವವರಿಗೆ ಲೆಕ್ಕ ಬೇಡ ಎಂಬ ಮಾತನ್ನು ನಂಬಬೇಡಿ. ಊರ ಹೆಮ್ಮೆಯ ವಿಷಯದಲ್ಲೂ ಕೇಳಿದ್ದನ್ನೇ ಹೇಳದೆ ಪರೀಕ್ಷಿಸಿ ಹೇಳುವುದನ್ನು ಕಲಿಯಿರಿ. ಹೊಲದಲ್ಲೋ ಪಾಯ ತೋಡುವಾಗಲೋ ಹಳೆಯ ಕಂಚು ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಧಿಕಾರಿಗಳಿಗೆ ತಿಳಿಸಿ. ಆ ಹಸಿರು ಕಿಲುಬೂ ಒಂದು ಸಾಕ್ಷ್ಯ. ಒಮ್ಮೆ ಉಜ್ಜಿ ತೆಗೆದರೆ ಅದು ಮತ್ತೆ ಬಾರದು.