ಸೇದದವಳ ಹೊಗೆ

ಧೂಮಪಾನದಿಂದ ಸ್ತ್ರೀಯರ ಆರೋಗ್ಯಕ್ಕೆ ಒದಗುವ ಹಾನಿಯ ವಿಚಾರವಾಗಿ ಮಾತನಾಡುತ್ತೇನೆಂದರೆ ಯಾದಗಿರಿ, ಶಹಾಪುರ, ಸುರಪುರಗಳ ಕಡೆಯ ಕೇಳುಗರು ನಕ್ಕುಬಿಡಬಹುದು. ನಮ್ಮ ಸೀಮೆಯ ಹೆಂಗಸರು ಬೀಡಿ ಸೇದುವುದುಂಟೆ ಎಂದು ಕೇಳಿಯಾರು. ಹೊಲದ ಬದುವಿನ ಮೇಲೆ ಕುಳಿತು ಬೀಡಿಯೆಳೆಯುವ ಮುದುಕಿಯೊಬ್ಬಳು ಎಲ್ಲಿಯಾದರೂ ಕಂಡಾಳು, ಅಷ್ಟೆ. 2016–17ರಲ್ಲಿ ದೇಶದಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯೂ ಇದನ್ನೇ ಹೇಳುತ್ತದೆ: ಸೇದುವ ಗಂಡಸರು ನೂರಕ್ಕೆ 19, ಹೆಂಗಸರು ನೂರಕ್ಕೆ 2.

ನಡುವಯಸ್ಸು ದಾಟಿದ ಹೆಂಗಸೊಬ್ಬಳು ಕೆಮ್ಮು, ಉಬ್ಬಸವೆಂದು ದವಾಖಾನೆಗೆ ಹೋದಳೆನ್ನೋಣ. ‘ಬೀಡಿ ಸೇದತೀಯೇನವ್ವಾ?’ ಎಂದು ವೈದ್ಯರು ಕೇಳುತ್ತಾರೆ. ‘ಇಲ್ರೀ ಸಾಹೇಬ್ರ, ಅದನ್ನ ನಾವ್ಯಾಕ ಸೇದೋಣ್ರೀ’ ಎಂದು ಅವಳು ಉತ್ತರಿಸುತ್ತಾಳೆ. ಚೀಟಿಯ ಮೇಲೆ ‘ಧೂಮಪಾನವಿಲ್ಲ’ ಎಂದು ದಾಖಲಾಗುತ್ತದೆ. ಅವಳು ಸುಳ್ಳು ಹೇಳಲಿಲ್ಲ. ವೈದ್ಯರೂ ತಪ್ಪು ಬರೆಯಲಿಲ್ಲ. ಆದರೂ ಆಕೆಯ ಎದೆಯೊಳಗೆ ಮೂವತ್ತು ವರ್ಷ ಸೇರಿದ ಹೊಗೆಗೆ ಆ ಚೀಟಿಯಲ್ಲಿ ಜಾಗವೇ ಸಿಗಲಿಲ್ಲ.

ಮೊದಲನೆಯದು ಗಂಡನ ಬೀಡಿಯ ಹೊಗೆ. ಜಪಾನಿನ ತಕೇಶಿ ಹಿರಯಾಮ ಎಂಬ ವಿಜ್ಞಾನಿ ಧೂಮಪಾನ ಮಾಡದ 91,540 ಗೃಹಿಣಿಯರ ಆರೋಗ್ಯವನ್ನು 14 ವರ್ಷಗಳ ಕಾಲ ಗಮನಿಸಿ, 1981ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರು ತಗಲುವ ಸಂಭವ ಹೆಚ್ಚಾಗಿತ್ತು. ತಂಬಾಕು ಕಂಪನಿಗಳು ಇದನ್ನು ಅಲ್ಲಗಳೆಯಲು ಬಹಳ ಹೆಣಗಿದವು. ಮುಂದಿನ ಸಂಶೋಧನೆಗಳು ಹಿರಯಾಮರ ಮಾತನ್ನೇ ಸ್ಥಿರಪಡಿಸಿದವು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದು ನಮ್ಮ ದೇಶದಲ್ಲಿ ನಿಷಿದ್ಧ. ಆದರೆ ಬಸ್ ನಿಲ್ದಾಣದ ಕಾನೂನು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬರುವುದಿಲ್ಲ. ಅಲ್ಲಿ ‘ಹೊರಗ ಹೋಗಿ ಸೇದ್ರಿ’ ಎಂದು ಹೆಂಡತಿಯೇ ಹೇಳಬೇಕು. ಹಾಗೆ ಹೇಳಬಲ್ಲವರು ಎಷ್ಟು ಮಂದಿ?

ಎರಡನೆಯದು ಒಲೆಯ ಹೊಗೆ. ನಮ್ಮದು ಜೋಳದ ರೊಟ್ಟಿಯ ನಾಡು. ಅನ್ನವಾದರೆ ಎಸರಿಟ್ಟು ಅಕ್ಕಿ ಹಾಕಿ ಈಚೆಗೆ ಬರಬಹುದು. ರೊಟ್ಟಿ ಹಾಗಲ್ಲ. ಒಂದು ಹಂಚಿನ ಮೇಲೆ ಬೇಯುತ್ತಿರುವಾಗ ಇನ್ನೊಂದನ್ನು ಬಡಿಯಬೇಕು, ನಡುವೆ ಉರಿಯನ್ನು ಸರಿಪಡಿಸಬೇಕು, ಉರಿ ತಗ್ಗಿದರೆ ಊದುಗೊಳವೆ ಹಿಡಿದು ಬಾಗಬೇಕು. ಮನೆಮಂದಿಗೆಲ್ಲ ಸಾಲುವಷ್ಟು ರೊಟ್ಟಿ ಮುಗಿಯುವವರೆಗೆ ಅವಳ ಮುಖ ಒಲೆಯಿಂದ ಒಂದೆರಡು ಮೊಳದಾಚೆಗೆ ಸರಿಯುವಂತಿಲ್ಲ. ಉರಿಸುವುದಾದರೂ ಏನನ್ನು? ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಜಾಲಿ, ಕುಳ್ಳು. ಮಳೆಗಾಲದಲ್ಲಿ ಇವೆಲ್ಲ ಹಸಿ. ಮಡಿಲಲ್ಲಿ ಕೂಸಿದ್ದರೆ ಅದಕ್ಕೂ ಅದೇ ಉಸಿರು.

ಈ ಹೊಗೆಯಲ್ಲಿ ನಿಕೋಟಿನ್ ಒಂದನ್ನು ಬಿಟ್ಟರೆ ಬೀಡಿಯ ಹೊಗೆಯಲ್ಲಿರುವ ಬಹುತೇಕ ವಿಷಗಳೆಲ್ಲ ಉಂಟು. ಅದರ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉಸಿರಿನ ನಾಳಗಳನ್ನು ಕ್ರಮೇಣ ಕಿರಿದಾಗಿಸುತ್ತವೆ. ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಿನ ಬಲದಿಂದ ಅಂಟಿಕೊಳ್ಳುತ್ತದೆ. ಮೊದಲೇ ರಕ್ತಹೀನತೆಯಿಂದ ಬಿಳಿಚಿರುವ ಬಸುರಿಗೆ ಇದ್ದ ಅಲ್ಪ ರಕ್ತವೂ ಹೀಗೆ ನಿರುಪಯುಕ್ತವಾದರೆ ಗರ್ಭದ ಕೂಸು ಬೆಳೆಯುವುದೆಂತು? ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟು ಕದ ಮುಚ್ಚುವ ನಮ್ಮ ರೂಢಿಯನ್ನೂ ಇಲ್ಲಿ ನೆನೆಯಬೇಕು. ಬೆಚ್ಚಗಿರಲೆಂಬ ಅಕ್ಕರೆಯೇನೋ ನಿಜ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಪರಿಹಾರವನ್ನು ಯಾರೂ ಹುಡುಕಲಿಲ್ಲವೆನ್ನುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಕಟ್ಟಿಗೆಯನ್ನು ಉಳಿಸುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹುವ ಅಸ್ತ್ರ ಒಲೆಯನ್ನು ರೂಪಿಸಿತು. ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಮರಳಿ ಒಳಗೇ ನುಗ್ಗುತ್ತದೆ. 2016ರಲ್ಲಿ ಉಜ್ವಲಾ ಯೋಜನೆ ಬಂದು ಬಡವರ ಮನೆಗೂ ಗ್ಯಾಸು ಮುಟ್ಟಿತು. ಆದರೆ ಹೊಲದಲ್ಲಿ ತೊಗರಿಕಟ್ಟಿಗೆ ಪುಕ್ಕಟೆ ಬಿದ್ದಿರುವಾಗ ಸಿಲಿಂಡರಿಗೆ ರೊಕ್ಕ ಕೊಡುವುದು ಕೂಲಿಯವರ ಮನೆಯಲ್ಲಿ ಸುಲಭದ ಮಾತಲ್ಲ. ಚಹಾ ಗ್ಯಾಸಿನ ಮೇಲೆ, ರೊಟ್ಟಿಯೂ ಸ್ನಾನದ ನೀರೂ ಕಟ್ಟಿಗೆಯ ಮೇಲೆ ಎಂಬ ಏರ್ಪಾಡು ಹೀಗೆ ಉಳಿದುಕೊಂಡಿತು. ಬೆಂಗಳೂರಿಗೆ ಗುಳೆ ಹೋದವರ ಜೋಪಡಿಯಲ್ಲಂತೂ ಮೂರು ಕಲ್ಲೇ ಒಲೆ.

ಇನ್ನು ಹೊಗೆಯೇ ಏಳದ ತಂಬಾಕು. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಇದನ್ನು ಬಳಸುವ ಸ್ತ್ರೀಯರು ನೂರಕ್ಕೆ ಸುಮಾರು 13. ಎಲೆಯಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಅದಕ್ಕೊಂದು ಜಾಗವಿದೆ. ಕಳೆ ತೆಗೆಯುವಾಗ, ಹತ್ತಿ ಬಿಡಿಸುವಾಗ ಹಸಿವೆಯನ್ನು ಮರೆಸುತ್ತದೆ, ಹಲ್ಲುನೋವನ್ನು ತಗ್ಗಿಸುತ್ತದೆ ಎಂದು ಅತ್ತೆಯಿಂದ ಸೊಸೆಗೆ ಇಳಿದು ಬರುತ್ತದೆ. ಸೇದುವುದು ನಾಚಿಕೆಗೇಡು, ಅಗಿಯುವುದು ಸಂಪ್ರದಾಯ ಎಂಬ ಭಾವನೆ ಬಲವಾಗಿದೆ.

ಸಂಪ್ರದಾಯವೆಂಬ ಮಾತು ಬಂದುದರಿಂದ ಸಾಹಿತ್ಯದ ವಿದ್ಯಾರ್ಥಿಯಾಗಿ ಒಂದು ಮಾತು. ತಾಂಬೂಲ ನಮ್ಮಲ್ಲಿ ಪ್ರಾಚೀನವಾದುದು; ತಂಬಾಕು ಅಲ್ಲ. ಅದು ಅಮೆರಿಕಾ ಖಂಡದ ಸಸ್ಯ, ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂದಿತು. ಪಂಪ ಅದನ್ನು ಕಂಡವನಲ್ಲ, ಸುರಪುರ ತಾಲ್ಲೂಕಿನ ಮುದನೂರಿನ ದೇವರ ದಾಸಿಮಯ್ಯನೂ ಕಂಡವನಲ್ಲ. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತ ಅಸದ್ ಬೇಗ್ ಅದನ್ನು ಕಂಡು ಬೆರಗಾದುದು ನಮ್ಮ ನೆರೆಯ ಬಿಜಾಪುರದಲ್ಲಿ. ಆಗ್ರಾದ ದರ್ಬಾರಿಗೆ ಅವನು ಅದನ್ನು ಕೊಂಡೊಯ್ದಾಗ ರಾಜವೈದ್ಯರು ಆಗಲೇ ಆಕ್ಷೇಪಿಸಿದ್ದರು. ಸಾವಿರ ವರ್ಷದ ವೀಳ್ಯದೊಳಗೆ ನಾನ್ನೂರು ವರ್ಷದ ಅತಿಥಿ ಸೇರಿಕೊಂಡು ಮನೆಯ ಹಿರಿಯನಂತೆ ಕುಳಿತಿದ್ದಾನೆ. ತಂಬಾಕನ್ನು ತೆಗೆದರೂ ಬರಿಯ ಅಡಿಕೆ ನಿರಪಾಯಕಾರಿಯಲ್ಲ. ಅದೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿರ್ಣಯಿಸಿದೆ.

ಅಗಿಯುವವಳ ಬಾಯಿಗೆ ಮಾತ್ರ ಇದರ ಕೇಡು ಎನ್ನುವಂತಿಲ್ಲ. ಮುಂಬಯಿಯ ಬಸುರಿಯರನ್ನು ಕುರಿತ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಹೊಗೆಯಿಲ್ಲದ ತಂಬಾಕನ್ನು ಬಳಸುವವರ ಕೂಸುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ತುಂಬಿದ ಮನೆಯ ಕೂಸಿಗೆ ಇದು ಸಣ್ಣ ಅಂತರವಿರಬಹುದು. ಎರಡು ಕಿಲೋ ತೂಗುವ ಕೂಸಿಗೆ ಸಣ್ಣದಲ್ಲ.

ಆದುದರಿಂದ ದವಾಖಾನೆಯಲ್ಲಿ, ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಮನೆಯಲ್ಲಿ ಯಾರು ಸೇದುತ್ತಾರೆ? ರೊಟ್ಟಿ ಯಾವ ಒಲೆಯ ಮೇಲೆ? ಸಂಚಿಯಲ್ಲಿ ಏನಿದೆ? ಯಾರೂ ಕೇಳದಿದ್ದರೆ ತಾಯಂದಿರು ತಾವಾಗಿಯೇ ಹೇಳಲಿ. ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ ಮೂಡಿದರೆ, ಖಾರ ತಾಳದಂತಾದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಬಾಯಿ ಮೊದಲಿನಂತೆ ತೆರೆಯದಾದರೆ ತಡಮಾಡದೆ ತೋರಿಸಿಕೊಳ್ಳಬೇಕು. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಕಲಬುರಗಿಯಲ್ಲಿಯೇ ಇದೆ, ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ತಂಬಾಕು ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ಶುಲ್ಕರಹಿತ ದೂರವಾಣಿಯುಂಟು. ಗಂಡಸರೂ ಅದಕ್ಕೆ ಕರೆ ಮಾಡಬಹುದು.