ಒಡೆದದ್ದು, ಹರಿದದ್ದು, ಹಾಳಾದದ್ದು: ಇಂಗ್ಲಿಷಿನಲ್ಲಿ ಯಾವುದಕ್ಕೆ ಯಾವ ಪದ?

(ಸಂಸ್ಥೆಯ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಇಂಗ್ಲಿಷ್ ಪದಗಳ ಬಗ್ಗೆ ಇವರೇಕೆ ಮಾತನಾಡುತ್ತಾರೆ ಎಂದು ನೀವು ಕೇಳಬಹುದು. ಅದಕ್ಕೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿ ಇದ್ದಾಗ ಆ ತರಗತಿಯನ್ನೂ ನಾನೇ ತೆಗೆದುಕೊಂಡಿದ್ದೆ. ಒಂದು ದಿನ ಕರಿಹಲಗೆಯ ಮೇಲೆ ‘ಹಾಳಾಗು ಎಂದರೆ ಡೆಸ್ಟ್ರಾಯ್’ ಎಂದು ಬರೆದು, ಮಕ್ಕಳಿಂದ ಐದು ಸಲ ಬರೆಸಿದೆ.

ಆ ತರಗತಿಯ ಒಬ್ಬ ಹುಡುಗ ಮುಂದೆ ಎಸ್ಸೆಸ್ಸೆಲ್ಸಿ ಪಾಸಾದ. ಮಳೆಯಲ್ಲಿ ಮನೆ ಸೋರಿ ಅವನ ಅಂಕಪಟ್ಟಿ ನೆನೆಯಿತು, ಒಂದು ಮೂಲೆ ಹರಿಯಿತು. ಹೊಸ ಪ್ರತಿ ಬೇಕೆಂದು ಅವನು ಇಂಗ್ಲಿಷಿನಲ್ಲಿ ಅರ್ಜಿ ಬರೆದ: ‘ಮೈ ಮಾರ್ಕ್ಸ್ ಕಾರ್ಡ್ ಈಸ್ ಡೆಸ್ಟ್ರಾಯ್ಡ್.’ ಅರ್ಜಿ ಓದಿದ ಗುಮಾಸ್ತರು, ಮೂಲ ಪ್ರತಿಯೇ ಉಳಿದಿಲ್ಲವೆಂದು ತಿಳಿದು ಅಫಿಡವಿಟ್ ಮಾಡಿಸಿ ತರಲು ಹೇಳಿದರು. ಅವನು ಹಣ ಹೊಂದಿಸಿ, ಮಾಡಿಸಿಕೊಂಡು ಹೋದ. ಆಗ ಅವನ ಕೈಯಲ್ಲಿದ್ದ ಫೈಲಿನಲ್ಲಿ ಹರಿದ ಅಂಕಪಟ್ಟಿ ಅವರಿಗೆ ಕಾಣಿಸಿತು. ಹೆಸರು, ನೋಂದಣಿ ಸಂಖ್ಯೆ, ಅಂಕ ಎಲ್ಲವೂ ಓದಲು ಬರುತ್ತಿದ್ದವು. ‘ಇದು ಇದೆಯಲ್ಲ, ಸುಳ್ಳು ಯಾಕೆ ಬರೆದೆ?’ ಎಂದು ಗದರಿದರು. ಮತ್ತೆ ಹೊಸ ಅರ್ಜಿ, ಮತ್ತೆ ಓಡಾಟ. ಕೆಲಸ ಆಗುವಷ್ಟರಲ್ಲಿ ಕಾಲೇಜು ಪ್ರವೇಶದ ಕೊನೆಯ ದಿನ ಕಳೆದಿತ್ತು.

‘ಆಪಾ, ನೀವೇ ಅಲ್ವಾ ಹೀಗೆ ಬರೆಸಿದ್ದು?’ ಎಂದು ಅವನು ನನ್ನನ್ನು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ. ನಾನು ಕೊಟ್ಟ ಪದ ಅವನನ್ನು ಸುಳ್ಳುಗಾರನನ್ನಾಗಿ ಮಾಡಿತ್ತು.

ತಪ್ಪು ಎಲ್ಲಾಯಿತು? ಕನ್ನಡದಲ್ಲಿ ಅನ್ನ ಹಾಳಾಗುತ್ತದೆ, ಗಡಿಯಾರ ಹಾಳಾಗುತ್ತದೆ, ಬೆಳೆ ಹಾಳಾಗುತ್ತದೆ, ಮನೆಯೂ ಹಾಳಾಗುತ್ತದೆ. ಉರ್ದುವಿನ ‘ಖರಾಬ್’ ಕೂಡ ಹೀಗೆಯೇ ಬಹಳ ಕಡೆ ದುಡಿಯುತ್ತದೆ. ಇಂಗ್ಲಿಷಿನಲ್ಲಿ ಅನ್ನ ಕೆಟ್ಟರೆ ಸ್ಪಾಯಿಲ್. ಗಡಿಯಾರ ನಿಂತರೆ, ಅದರಿಂದ ಒಂದು ಚೂರೂ ಬೀಳದಿದ್ದರೂ, ಬ್ರೋಕನ್. ಬೆಳೆಗೆ ಸ್ವಲ್ಪ ಪೆಟ್ಟು ಬಿದ್ದರೆ ಡ್ಯಾಮೇಜ್, ಏನೂ ಉಳಿಯದಿದ್ದರೆ ಡೆಸ್ಟ್ರಾಯ್. ಆದ್ದರಿಂದ ಮಕ್ಕಳೇ, ‘ಹಾಳು ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು?’ ಎಂದು ಕೇಳಬೇಡಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ವಸ್ತು ಎಂಥದು? ಅದಕ್ಕೆ ಹೇಗೆ ಹಾಗಾಯಿತು? ಈಗ ಎಷ್ಟು ಉಳಿದಿದೆ?

ಮೊದಲನೆಯ ಪ್ರಶ್ನೆಗೆ ಉತ್ತರ ನಿಮ್ಮ ಮನೆಯಲ್ಲೇ ಇದೆ. ನಾವು ಕಾಯಿ ಒಡೆಯುತ್ತೇವೆ, ಕಡ್ಡಿ ಮುರಿಯುತ್ತೇವೆ, ಕಾಗದ ಹರಿಯುತ್ತೇವೆ, ಸೌದೆ ಸೀಳುತ್ತೇವೆ. ಉರ್ದುವಿನಲ್ಲಿ ಫೋಡ್ನಾ, ತೋಡ್ನಾ, ಫಾಡ್ನಾ, ಚೀರ್ನಾ ಎಂಬ ಪದಗಳಿವೆ. ‘ಬಟ್ಟೆ ಮುರಿಯಿತು’ ಎಂದು ನಿಮ್ಮಲ್ಲಿ ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಒಡೆಯುವುದಕ್ಕೂ ಮುರಿಯುವುದಕ್ಕೂ ಬ್ರೇಕ್ ನಡೆಯುತ್ತದೆ. ಆದರೆ ಬಟ್ಟೆ, ಕಾಗದಗಳಿಗೆ ಟೇರ್, ಸೌದೆ ಸೀಳಲು ಸ್ಪ್ಲಿಟ್. ಟೇರ್ ಎಂಬುದನ್ನೂ ಕಣ್ಣೀರಿನ ಟಿಯರ್ ಎಂಬುದನ್ನೂ ಒಂದೇ ಅಕ್ಷರಗಳಲ್ಲಿ ಬರೆಯುತ್ತಾರೆ, ಉಚ್ಚಾರ ಮಾತ್ರ ಬೇರೆ.

ಎರಡನೆಯದು, ಹೇಗಾಯಿತು? ಬಿರುಕು ಬಿಟ್ಟು ಇನ್ನೂ ಕೂಡಿಕೊಂಡಿದ್ದರೆ ಕ್ರ್ಯಾಕ್. ಒಣ ಕಡ್ಡಿಯಂತೆ ಪಟ್ಟನೆ ಮುರಿದರೆ ಸ್ನ್ಯಾಪ್. ಗಾಜು ನುಚ್ಚುನೂರಾದರೆ ಶ್ಯಾಟರ್. ಯಾರಾದರೂ ಜೋರಾಗಿ ಹೊಡೆದು ಪುಡಿ ಮಾಡಿದರೆ ಸ್ಮ್ಯಾಶ್. ಬಲೂನು, ಟಯರು, ನೀರಿನ ಪೈಪು ಒಳಗಿನ ಒತ್ತಡದಿಂದ ಒಡೆದರೆ ಬರ್ಸ್ಟ್. ಮಳೆಗೆ ಗೋಡೆ ತಾನಾಗಿ ಕುಸಿದರೆ ಕೊಲ್ಯಾಪ್ಸ್. ಅದೇ ಗೋಡೆಯನ್ನು ಜನ ನಿಂತು ಕೆಡವಿದರೆ ಡಿಮಾಲಿಶ್. ಪರಿಹಾರ ಕೇಳುವ ಅರ್ಜಿಯಲ್ಲಿ ಈ ಎರಡು ಪದ ಅದಲುಬದಲಾದರೆ, ಮಳೆ ಮಾಡಿದ ಕೆಲಸವನ್ನು ಮನುಷ್ಯರ ಮೇಲೆ ಹೊರಿಸಿದಂತಾಗುತ್ತದೆ.

ಮೂರನೆಯದು, ಎಷ್ಟು ಉಳಿದಿದೆ? ಡ್ಯಾಮೇಜ್ ಆದ ವಸ್ತು ಇನ್ನೂ ಇದೆ, ಸಾಮಾನ್ಯವಾಗಿ ರಿಪೇರಿಯ ಆಸೆಯೂ ಇದೆ. ರೂಯಿನ್ ಆದದ್ದು ಕಣ್ಣಿಗೆ ಕಂಡರೂ ಮೊದಲಿನ ಉಪಯೋಗಕ್ಕೆ ಬಾರದು. ಡೆಸ್ಟ್ರಾಯ್ ಆದದ್ದನ್ನು ಮತ್ತೆ ಸರಿಮಾಡಲಾಗದು. ಕಟ್ಟುವ ಅರ್ಥದ ಲ್ಯಾಟಿನ್ ಮೂಲದಿಂದಲೇ ಕನ್‌ಸ್ಟ್ರಕ್ಟ್ ಬಂದಿದೆ, ಡೆಸ್ಟ್ರಾಯ್ ಕೂಡ ಬಂದಿದೆ. ಒಂದು ಕಟ್ಟುವುದು, ಇನ್ನೊಂದು ಕಟ್ಟಿದ್ದನ್ನು ಇಲ್ಲವಾಗಿಸುವುದು. ಬೇರುಸಹಿತ ಕಿತ್ತುಹಾಕಿದರೆ ಇರಾಡಿಕೇಟ್. 1980ರಲ್ಲಿ ಸಿಡುಬು ಇಡೀ ಜಗತ್ತಿನಿಂದ ನಿರ್ಮೂಲವಾಯಿತೆಂದು ಘೋಷಿಸಿದಾಗ ಬಳಸಿದ್ದು ಈ ಪದವನ್ನೇ.

ಪ್ರವಾಸ ಪ್ರಬಂಧಗಳಲ್ಲಿ ‘ರೂಯಿನ್ಸ್’ ಎಂಬ ಬಹುವಚನ ಬರುತ್ತದೆ. ಅದರ ಅರ್ಥ ಅವಶೇಷಗಳು. ಹಂಪಿಗೆ ಅದು ಒಪ್ಪುತ್ತದೆ. ಆದರೆ ವಿಜಯಪುರದ ಬಾರಾ ಕಮಾನ್ ನೋಡಿ ಬಂದ ಮಕ್ಕಳು ಅದನ್ನೂ ರೂಯಿನ್ಸ್ ಎಂದು ಬರೆಯುತ್ತಾರೆ. ಅದು ಎರಡನೆಯ ಅಲಿ ಆದಿಲ್ ಶಾಹನ ಸಮಾಧಿಗಾಗಿ ಆರಂಭವಾಗಿ, ಪೂರ್ಣಗೊಳ್ಳದೆ ನಿಂತ ಕಟ್ಟಡ. ಅದಕ್ಕೆ ಸರಿಯಾದ ಪದ ಅನ್‌ಫಿನಿಶ್ಡ್. ಕಟ್ಟಿ ಮುಗಿಸದೆ ಬಿಟ್ಟದ್ದು ಬೇರೆ, ಕಟ್ಟಿದ ಮೇಲೆ ಬಿದ್ದದ್ದು ಬೇರೆ.

ಇನ್ನು ಸ್ವಲ್ಪ ವ್ಯಾಕರಣ. ‘ಗಾಜು ಒಡೆಯಿತು’, ‘ಹುಡುಗ ಗಾಜು ಒಡೆದ’, ಎರಡಕ್ಕೂ ಕನ್ನಡದಲ್ಲಿ ಒಂದೇ ಧಾತು. ಉರ್ದುವಿನಲ್ಲಿ ಟೂಟ್ನಾ, ತೋಡ್ನಾ ಎಂದು ಎರಡು. ಬ್ರೇಕ್ ಈ ವಿಷಯದಲ್ಲಿ ಕನ್ನಡದ ಹಾಗೆ, ಎರಡಕ್ಕೂ ಸಲ್ಲುತ್ತದೆ. ಡ್ಯಾಮೇಜ್, ಡೆಸ್ಟ್ರಾಯ್ ಹಾಗಲ್ಲ. ‘ದಿ ಹೌಸ್ ಡೆಸ್ಟ್ರಾಯ್ಡ್’ ಎಂದಷ್ಟೇ ಬರೆದರೆ ಮನೆಯೇ ಏನನ್ನೋ ನಾಶ ಮಾಡಿತೆಂದಾಗುತ್ತದೆ. ‘ದಿ ಹೌಸ್ ವಾಸ್ ಡೆಸ್ಟ್ರಾಯ್ಡ್’ ಎನ್ನಬೇಕು. ಹಾನಿ ಎಷ್ಟೇ ಆದರೂ ‘ಡ್ಯಾಮೇಜ್’ ಏಕವಚನದಲ್ಲೇ ಇರಲಿ. ‘ಡ್ಯಾಮೇಜಸ್’ ಎಂದರೆ ನ್ಯಾಯಾಲಯ ಕೊಡಿಸುವ ಪರಿಹಾರದ ಹಣ. ಬ್ರೇಕ್, ಬ್ರೋಕ್, ಬ್ರೋಕನ್. ಟೇರ್, ಟೋರ್, ಟೋರ್ನ್. ಬರ್ಸ್ಟ್ ಮಾತ್ರ ಮೂರೂ ಕಡೆ ಬರ್ಸ್ಟ್. ಇಷ್ಟನ್ನು ಬಾಯಿಪಾಠ ಮಾಡಿಕೊಳ್ಳಿ.

ಕೆಲವು ಕಡೆ ಮೂರು ಭಾಷೆಗಳೂ ಕೈ ಹಿಡಿದು ನಡೆಯುತ್ತವೆ. ಚಿಲ್ಲರೆಗಾಗಿ ನಾವು ನೋಟು ಮುರಿಸುತ್ತೇವೆ, ಉರ್ದುವಿನಲ್ಲಿ ‘ತುಡಾನಾ’, ಇಂಗ್ಲಿಷಿನಲ್ಲೂ ಬ್ರೇಕ್. ಕೊಟ್ಟ ಮಾತು ಮೂರರಲ್ಲೂ ಮುರಿಯುತ್ತದೆ. ಕೆಲವು ಕಡೆ ದಾರಿ ಬೇರೆಯಾಗುತ್ತದೆ. ಕನ್ನಡದಲ್ಲಿ ಹಾಲು ಒಡೆಯುತ್ತದೆ, ಉರ್ದುವಿನಲ್ಲಿ ಹಾಲು ‘ಫಟ್’ ಆಗುತ್ತದೆ, ಅಂದರೆ ಹರಿಯುತ್ತದೆ! ಇಂಗ್ಲಿಷಿನಲ್ಲಿ ಬ್ರೇಕೂ ಅಲ್ಲ, ಟೇರೂ ಅಲ್ಲ, ಕರ್ಡಲ್. ಸೂರ್ಯಾಸ್ತದಲ್ಲಿ ಇಫ್ತಾರ್ ಮಾಡುವುದಕ್ಕೆ ನಾವು ರೋಜಾ ‘ಖೋಲ್ನಾ’ ಎನ್ನುತ್ತೇವೆ, ತೆರೆಯುವುದು ಎಂದರ್ಥ. ಹಗಲಿನ ನಡುವೆಯೇ ಕೆಡಿಸಿದರೆ ‘ತೋಡ್ನಾ’. ಇಂಗ್ಲಿಷಿನಲ್ಲಿ ಎರಡಕ್ಕೂ ಬ್ರೇಕ್. ರಾತ್ರಿಯ ಉಪವಾಸ ಬಿಡುವ ಬೆಳಗಿನ ಊಟವೇ ಬ್ರೇಕ್‌ಫಾಸ್ಟ್. ಆದ್ದರಿಂದ ಇಂಗ್ಲಿಷ್ ಪತ್ರಿಕೆಯಲ್ಲಿ ‘ಬ್ರೋಕ್ ದಿ ಫಾಸ್ಟ್’ ಎಂದು ಓದಿದ ಕೂಡಲೇ ತಪ್ಪು ತಿಳಿಯಬೇಡಿ, ಹೊತ್ತು ಯಾವುದೆಂದು ನೋಡಿ.

ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಮನೆಯ ಭಾಷೆ ಇಂಗ್ಲಿಷಿಗೆ ಅಡ್ಡಿ ಎಂದು ಅಂಜಬೇಡಿ. ಎರಡು ಭಾಷೆ ಬಲ್ಲ ನಿಮಗೆ ಈ ಸೂಕ್ಷ್ಮಗಳು ಆಗಲೇ ಗೊತ್ತು, ಅವುಗಳನ್ನು ಇಂಗ್ಲಿಷಿನಲ್ಲಿ ಹುಡುಕಬೇಕು ಅಷ್ಟೆ. ನಾಳೆ ನೀವು ಬೆಳೆಹಾನಿಯ ಅರ್ಜಿ ಬರೆಯಬಹುದು, ವಿಮೆಯ ಫಾರಂ ತುಂಬಬಹುದು, ಪತ್ರಿಕೆಗೆ ವರದಿ ಕಳುಹಿಸಬಹುದು. ಅಲ್ಲಿ ನಿಮ್ಮ ಪದವೇ ನಿಮ್ಮ ಸಾಕ್ಷಿ. ಆದದ್ದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಆ ಹುಡುಗ ಮರುವರ್ಷ ಕಾಲೇಜು ಸೇರಿದ. ಅವನು ಕಳೆದುಕೊಂಡ ವರ್ಷವನ್ನು ನಾನು ಹಿಂದಿರುಗಿಸಲಾರೆ. ಈಗ ‘ಹಾಳು’ ಎಂಬ ಪದ ಬಂದಾಗಲೆಲ್ಲ ಕರಿಹಲಗೆಯ ಮೇಲೆ ಆ ಮೂರು ಪ್ರಶ್ನೆಗಳನ್ನು ಬರೆಯುತ್ತೇನೆ. ನೀವೂ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ ಎಂದು ಕೇಳಿಕೊಳ್ಳುತ್ತಾ ನನ್ನ ಮಾತು ಮುಗಿಸುತ್ತೇನೆ.