ಮಾದಕವ್ಯಸನವನ್ನು ಬಿಟ್ಟ ಮಗನೂ ಮನೆಯವರ ಕಾಯಕವೂ

(ತಳಕಲ್ಲಿನಲ್ಲಿ ಮಹೋತ್ಸವದ ನಿಮಿತ್ತ ಕೂಡಿದ ಸಭೆಯಲ್ಲಿ ತಂದೆಯೊಬ್ಬರು ಮಾಡಿದ ಭಾಷಣ)

 

ಇಂಥ ಸಭೆಯಲ್ಲಿ ನನ್ನಂಥ ಒಕ್ಕಲುತನದವನು ಭಾಷಣಕ್ಕೆ ನಿಲ್ಲುವದು ರೂಢಿಯ ಮಾತಲ್ಲ. ಶಾಸ್ತ್ರಜ್ಞಾನವಾಗಲಿ ವಾಕ್ಚಾತುರ್ಯವಾಗಲಿ ನನ್ನಲ್ಲಿಲ್ಲ. ಆದರೆ ನಮ್ಮ ಮನೆಯಲ್ಲಿ ನಡೆದ ಸಂಗತಿಯು ಬೇರೆ ಮನೆಗಳಿಗೆ ಉಪಯೋಗವಾದೀತೆಂದು ಮಠದ ಹಿರಿಯರು ಬಗೆದದ್ದರಿಂದ ಅವರ ಅಪ್ಪಣೆಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದೇನೆ. ನನ್ನ ಮಗನು ತನ್ನ ಹದಿನೇಳನೆಯ ವಯಸ್ಸಿನಲ್ಲಿ ಹೆರಾಯಿನ್ ಎಂಬ ವಿಷಕ್ಕೆ ಅಧೀನನಾಗಿದ್ದನು. ಈಗ ಅದರಿಂದ ಹೊರಬಂದು ನಡೆಯುತ್ತಿರುವನು. ಇದನ್ನು ಸಭೆಯಲ್ಲಿ ಹೇಳಲು ಅವನ ಒಪ್ಪಿಗೆಯನ್ನು ಪಡೆದಿರುವೆನು. "ಹೇಳಪ್ಪಾ, ಆದರ ಅರ್ಧಾ ಹೇಳಬ್ಯಾಡ" ಎಂಬದಷ್ಟೇ ಅವನ ಕರಾರು.

ವ್ಯಸನವನ್ನು ಬಿಡಿಸುವ ಮಾತು ನಮ್ಮ ಸೀಮೆಗೆ ಹೊಸದಲ್ಲ. ಕುಷ್ಟಗಿಯನ್ನು ದಾಟಿದರೆ ಸಿಗುವ ಇಳಕಲ್ಲಿನ ವಿಜಯಮಹಾಂತೇಶ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳವರು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಹೊರಟರು. ಜಂಗಮರ ಜೋಳಿಗೆಗೆ ಜೋಳವೋ ರೊಟ್ಟಿಯೋ ಬೀಳುವದು ವಾಡಿಕೆ. ಆದರೆ ಅವರು ಕೇರಿಕೇರಿಗಳಿಗೆ ಹೋಗಿ ಬೇಡಿದ್ದು ಕುಡಿತವನ್ನು, ಬೀಡಿಯನ್ನು, ಗುಟಕಾವನ್ನು. 2018ರಲ್ಲಿ ಅವರು ಲಿಂಗೈಕ್ಯರಾದ ತರುವಾಯ ಅವರ ಜನ್ಮದಿನವಾದ ಅಗಸ್ಟ 1ನೆಯ ತಾರೀಖನ್ನು ರಾಜ್ಯ ಸರಕಾರದವರು ವ್ಯಸನಮುಕ್ತ ದಿನವೆಂದು ಆಚರಿಸುವಂತಾಯಿತು. ಆ ಜೋಳಿಗೆಯಲ್ಲಿ ನಾನು ಕಾಣುವ ದೊಡ್ಡ ವಿಚಾರವೆಂದರೆ, ವ್ಯಸನಿಯು ಮಠಕ್ಕೆ ಬರಲೆಂದು ಕಾಯದೆ ಮಠವೇ ವ್ಯಸನಿಯ ಬಾಗಿಲಿಗೆ ಹೋದದ್ದು. ನಾಚಿಕೆಯಿಂದ ಮುಚ್ಚಿಕೊಂಡ ಬಾಗಿಲು ಹೊರಗಿನಿಂದ ಬಡಿದ ಹೊರತು ತೆರೆಯುವದಿಲ್ಲ.

ಆದರೆ ಜೋಳಿಗೆಗೆ ಹಾಕುವದು ಒಂದು ಕ್ಷಣದ ಕೆಲಸ. ಹಾಕಿದ ಮೇಲೆ ಬರಿದಾದ ಕೈ ಉಳಿಯುವದು. ಆ ಕೈಯನ್ನು ತುಂಬುವ ಕೆಲಸವು ದಿನದಿನದ್ದು. ಅದು ವ್ಯಸನಿಯೊಬ್ಬನದಲ್ಲ, ಮನೆಯವರದು, ಊರಿನವರದು. ಇದೇ ಈ ದಿನ ನಾನು ಅರಿಕೆ ಮಾಡಬೇಕೆಂದಿರುವ ವಿಷಯವು.

ಮೊದಲು ಈ ವಸ್ತುವನ್ನು ಅರಿಯೋಣ. ಪಾಯಸಕ್ಕೆ ನಾವು ಅರೆದು ಹಾಕುವ ಗಸಗಸೆಯ ಗಿಡವೇ ಇದರ ತಾಯಿ. ಬೀಜದಿಂದ ಕೇಡಿಲ್ಲ. ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಗಟ್ಟಿಯಾಗಿ ಅಫೀಮಾಗುವದು. ಅಫೀಮಿನಿಂದ ಮಾರ್ಫಿನ್ ಎಂಬ ನೋವಿನ ಔಷಧವು ಬರುವದು. ಲಂಡನ್ನಿನಲ್ಲಿ ಆಲ್ಡರ್ ರೈಟ್ ಎಂಬ ರಸಾಯನಶಾಸ್ತ್ರಜ್ಞನು 1874ರಲ್ಲಿ ಮಾರ್ಫಿನ್ನಿನಿಂದ ಇನ್ನೊಂದು ಪದಾರ್ಥವನ್ನು ಮಾಡಿದನು. 1898ರಲ್ಲಿ ಜರ್ಮನಿಯ ಬಾಯರ್ ಕಂಪನಿಯವರು ಅದಕ್ಕೆ ಹೆರಾಯಿನ್ ಎಂದು ಹೆಸರಿಟ್ಟು ಕೆಮ್ಮಿನ ಔಷಧವೆಂದು ಮಾರಿದರು. ಕೆಲವೇ ವರುಷಗಳಲ್ಲಿ ಅದರ ಗುಣವು ಜಗತ್ತಿಗೆ ತಿಳಿಯಿತು. ಬ್ರೌನ್ ಶುಗರ್ ಎಂದು ಹುಡುಗರು ಕರೆಯುವದು ಇದರ ಕೊಳಕು ರೂಪವೇ. ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯವರು ಕೇಂದ್ರ ಸರಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಅಫೀಮಿನ ವರ್ಗದ ವಸ್ತುಗಳನ್ನು ಬಳಸುವವರು ದೇಶದಲ್ಲಿ ಸುಮಾರು 2 ಕೋಟಿ 26 ಲಕ್ಷ ಜನರು. ಅವರಲ್ಲಿ ಸುಮಾರು 77 ಲಕ್ಷ ಜನರಿಗೆ ಚಿಕಿತ್ಸೆಯ ಸಹಾಯವು ಬೇಕಾಗಿದ್ದಿತು. ಆದಕಾರಣ ಇದು ದೂರದ ಪಟ್ಟಣಗಳ ಪಿಡುಗು, ನಮ್ಮ ಎರೆಹೊಲದ ಹಳ್ಳಿಗಳಿಗೆ ಬಾರದು ಎಂದು ಯಾರೂ ನೆಮ್ಮದಿಯಿಂದಿರಬಾರದು. ನಮ್ಮ ಮಕ್ಕಳು ಓದಿಗಾಗಿ ಪಟ್ಟಣಗಳಿಗೆ ಹೋಗುವರು. ಅಲ್ಲಿಯ ಒಳಿತೂ ಕೆಡಕೂ ಅವರೊಡನೆ ರೈಲು ಹತ್ತಿ ಬರುವವು.

ನನ್ನ ಮಗನು 2022ರಲ್ಲಿ ಪಿಯುಸಿ ಓದಲು ಬೆಂಗಳೂರಿಗೆ ಹೋದನು. 2023ರ ದೀಪಾವಳಿಗೆ ಊರಿಗೆ ಬಂದಾಗ ಅವನ ಮೈ ಇಳಿದಿತ್ತು. ಹಗಲಿನಲ್ಲಿ ಕುಳಿತಲ್ಲಿಯೇ ತೂಕಡಿಸುವನು, ಮೈ ತುರಿಸಿಕೊಳ್ಳುವನು; ಸಂಜೆಯ ಮಬ್ಬಿನಲ್ಲಿಯೂ ಕಣ್ಣಿನ ಪಾಪೆಗಳು ಸಾಸಿವೆಕಾಳಿನಷ್ಟು ಕಿರಿದು. ಅವನ ಚೀಲದಲ್ಲಿ ಕೆಳಗೆ ಸುಟ್ಟು ಕಪ್ಪಾದ ಬೆಳ್ಳಿಬಣ್ಣದ ಹಾಳೆಯ ತುಂಡುಗಳಿದ್ದವು. ಅವನ ತಾಯಿಯ ಬೆಂಡೋಲೆಗಳು ಪೆಟ್ಟಿಗೆಯಲ್ಲಿ ಇರಲಿಲ್ಲ. ತಂದೆತಾಯಿಗಳು ನೆನಪಿನಲ್ಲಿಡಲೆಂದು ಈ ಗುರುತುಗಳನ್ನು ಹೇಳಿದೆನು.

ಮಾಲು ತೀರಿದ ಮರುದಿನ ಅವನಿಗೆ ಆಕಳಿಕೆಗಳು ಹತ್ತಿದವು. ಮೂಗು ಕಣ್ಣುಗಳಲ್ಲಿ ನೀರು, ಮೈಯೆಲ್ಲ ಮುಳ್ಳು, ಕಾಲುಗಳಲ್ಲಿ ಮುರಿತ, ವಾಂತಿ, ಭೇದಿ. ಗಾಳಿ ಸೋಕಿದೆಯೆಂದು ಕೆಲವರು ಅಂದರು. ಮದುವೆ ಮಾಡಿದರೆ ನೆಟ್ಟಗಾಗುವನೆಂದು, ಹದಿನೇಳರ ಹುಡುಗನಿಗೆ, ಬೇರೆ ಕೆಲವರು ಅಂದರು. ತಂಗಿಯ ಕನ್ಯಾ ಕೇಳಲು ನಾಳೆ ಯಾರು ಬಂದಾರು, ಹೊರಗೆ ಬಾಯಿ ಬಿಡಬೇಡಿರೆಂದು ಸಮೀಪದವರು ಅಂದರು. ಅವನ ತಾಯಿಯು ಮಾತ್ರ, "ಮಗಾ ಉಳದರ ಮರ್ಯಾದಿ ತಾನ ಬರತೈತಿ" ಎಂದಳು. ಅದರ ಮೇಲೆ ಬೇರೆ ವಿಚಾರವು ಬೇಕಾಗಲಿಲ್ಲ.

ವ್ಯಸನ ಬಿಡಿಸುವೆವೆಂದು ಫಲಕ ಹಾಕಿಕೊಂಡ ಒಂದು ಕೇಂದ್ರಕ್ಕೆ ಮೊದಲು ಹೋದೆವು. ಅಲ್ಲಿ ವೈದ್ಯರು ಕಾಣಲಿಲ್ಲ. ಒಬ್ಬ ತರುಣನ ಕಾಲಿಗೆ ಸರಪಳಿಯಿತ್ತು. ಹೊಸ್ತಿಲಿನಿಂದಲೇ ಮರಳಿದೆವು. ರೋಗಿಯನ್ನು ಯಾವ ರೀತಿಯಿಂದಲೂ ಸರಪಳಿಯಲ್ಲಿ ಬಿಗಿಯಬಾರದೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ವಿಧಿಸಿದೆ. ಇದನ್ನು ಪ್ರತಿಯೊಬ್ಬ ತಂದೆಯೂ ತಿಳಿದಿರಬೇಕು.

ಬಳಿಕ ಸರಕಾರಿ ಆಸ್ಪತ್ರೆಯ ಮಾನಸಿಕ ವೈದ್ಯರನ್ನು ಕಂಡೆವು. ಅವರು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಜ್ವರದ ರೋಗಿಯನ್ನು ಕೇಳುವಂತೆ ಕೇಳಿದರು: ಎಷ್ಟು, ಎಂದಿನಿಂದ, ಹೊಗೆಯಿಂದಲೋ ಸೂಜಿಯಿಂದಲೋ. ಸೂಜಿಯ ಬಳಕೆ ಇಲ್ಲವೆಂದರೂ ಎಚ್‌ಐವಿ ಮತ್ತು ಯಕೃತ್ತಿನ ಸೋಂಕುಗಳಿಗಾಗಿ ರಕ್ತಪರೀಕ್ಷೆ ಮಾಡಿಸಿದರು. ಮೈಯ ಸಂಕಟವು ಎರಡು ಮೂರು ದಿನ ಏರಿ ಒಂದು ವಾರದೊಳಗೆ ಬಹುಮಟ್ಟಿಗೆ ಇಳಿಯುವದು, ಮನಸ್ಸಿನ ಹಂಬಲವು ತಿಂಗಳುಗಳ ವರೆಗೆ ಉಳಿಯುವದು ಎಂದು ತಿಳಿಸಿದರು. ಬ್ಯೂಪ್ರೆನಾರ್ಫಿನ್ ಎಂಬ, ನಾಲಗೆಯ ಕೆಳಗಿಡುವ ಗುಳಿಗೆಯನ್ನು ತಮ್ಮ ಕಣ್ಣೆದುರಿಗೆ ಕೊಡತೊಡಗಿದರು. ಅದು ಸಂಕಟವನ್ನೂ ಹಂಬಲವನ್ನೂ ತಗ್ಗಿಸುವದು. ಅಳತೆಯಿಂದ ಕೊಟ್ಟರೆ ಅಮಲಿಗೇರಿಸದೆ ಮನುಷ್ಯನನ್ನು ಕೆಲಸಕ್ಕೆ ಯೋಗ್ಯನನ್ನಾಗಿ ಇಡುವದು. ವಿಶ್ವ ಆರೋಗ್ಯ ಸಂಸ್ಥೆಯವರು 2005ರಲ್ಲಿ ಇದನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿರುವರು.

ಇನ್ನು ಮಗನು ಅರ್ಧ ಹೇಳಬೇಡವೆಂದ ಸಂಗತಿಯು. ಮೂರು ತಿಂಗಳು ಚೆನ್ನಾಗಿ ಕಳೆದವು. ಆಗ ನೆರೆಹೊರೆಯವರಲ್ಲಿ ಒಂದು ಮಾತು ಹುಟ್ಟಿತು: "ಒಂದು ನಶೆ ಬಿಟ್ಟು ಇನ್ನೊಂದು ಹಿಡದಾನ, ಗುಳಿಗೀನೂ ನಶೇನ ಅಲ್ಲೇನು?" ಹುಡುಗನ ಅಭಿಮಾನಕ್ಕೆ ಅದು ಚುಚ್ಚಿತು. ವೈದ್ಯರಿಗೆ ಹೇಳದೆ ಅವನು 2024ರ ಫೆಬ್ರುವರಿಯಲ್ಲಿ ಗುಳಿಗೆಯನ್ನು ನಿಲ್ಲಿಸಿದನು. ಎರಡು ತಿಂಗಳು ಯಾವದನ್ನೂ ಮುಟ್ಟಲಿಲ್ಲ. ಶಹಬ್ಬಾಸ್ ಎಂದು ಜನರೂ ಅಂದರು. ಎಪ್ರಿಲ್ ತಿಂಗಳಲ್ಲಿ ಕಾಲೇಜಿನ ಕಾಗದಪತ್ರಗಳನ್ನು ತರಲು ಬೆಂಗಳೂರಿಗೆ ಹೋದವನು ಹಳೆಯ ಗೆಳೆಯರ ಕೋಣೆಯಲ್ಲಿ ಹಿಂದಿನಷ್ಟೇ ಪ್ರಮಾಣವನ್ನು ಸೇದಿದನು. ತುಟಿಗಳು ನೀಲಿಗಟ್ಟಿ ಉಸಿರು ನಿಲ್ಲುತ್ತ ಬಂದಿತು. ಆ ಗೆಳೆಯರಲ್ಲೊಬ್ಬನು ಪೊಲೀಸರಿಗೆ ಹೆದರಿ ಓಡದೆ ಅವನನ್ನು ಆಸ್ಪತ್ರೆಗೆ ಹೊತ್ತೊಯ್ದನು. ಅಲ್ಲಿ ನ್ಯಾಲೊಕ್ಸೋನ್ ಎಂಬ ಮದ್ದನ್ನು ಚುಚ್ಚಿದರು, ಉಸಿರು ಮರಳಿತು. ಆ ತರುಣನ ಹೆಸರು ನನಗೆ ಇಂದಿಗೂ ತಿಳಿಯದು. ದಿನವೂ ಅವನಿಗೆ ಒಳಿತನ್ನು ಹಾರೈಸುತ್ತೇನೆ.

ಇದು ಹೇಗಾಯಿತೆಂಬದನ್ನು ವೈದ್ಯರು ವಿವರಿಸಿದರು. ಈ ಸಭೆಯಿಂದ ಒಂದೇ ಮಾತನ್ನು ಮನೆಗೆ ಒಯ್ಯುವದಾದರೆ ಇದನ್ನೇ ಒಯ್ಯಿರಿ. ದಿನವೂ ಸೇವಿಸುವವನ ದೇಹವು ದೊಡ್ಡ ಪ್ರಮಾಣವನ್ನು ತಾಳಲು ಕಲಿತಿರುವದು. ಬಿಟ್ಟು ಕೆಲವು ವಾರಗಳಾದರೆ ಆ ತಾಳಿಕೆಯು ಹೋಗಿಬಿಡುವದು. ಆದರೆ ಹಳೆಯ ಅಳತೆಯ ನೆನಪು ಮಾತ್ರ ಹೋಗುವದಿಲ್ಲ. ಆದ್ದರಿಂದ ಬಿಟ್ಟವನು ಮತ್ತೆ ಜಾರಿದ ಆ ಮೊದಲ ದಿನವೇ ಅತ್ಯಂತ ಅಪಾಯದ ದಿನವು. ಗುಳಿಗೆಯು ಈ ಅಪಾಯಕ್ಕೆ ಅಡ್ಡ ಕಟ್ಟಿದ ಒಡ್ಡು. ಅದನ್ನು ಎಂದು ಇಳಿಸಬೇಕು, ಎಷ್ಟು ಇಳಿಸಬೇಕೆಂಬದನ್ನು ವೈದ್ಯರು ನಿರ್ಣಯಿಸತಕ್ಕದ್ದು. ಕಟ್ಟೆಯ ಮೇಲೆ ಕುಳಿತವರಲ್ಲ. ಸಕ್ಕರೆ ರೋಗದವನು ವರುಷಗಟ್ಟಲೆ ಔಷಧ ತೆಗೆದುಕೊಂಡರೆ ನಾವು ಹಂಗಿಸುವದಿಲ್ಲವಷ್ಟೇ. ಹಂಗಿಸುವ ಒಂದು ಮಾತು ಒಂದು ಜೀವದ ಬೆಲೆಯಾಗಬಹುದೆಂಬದನ್ನು ನಮ್ಮ ಮನೆಯು ಕಂಡಿರುವದು.

ಚಿಕಿತ್ಸೆಯು ಮತ್ತೆ ಆರಂಭವಾಯಿತು. 2024ರ ಎಪ್ರಿಲಿನ ಆ ದಿನದ ತರುವಾಯ ಅವನು ವಿಷವನ್ನು ಮುಟ್ಟಿಲ್ಲ. ಈ ಅವಧಿಯಲ್ಲಿ ಬರಿದಾದ ಕೈಯನ್ನು ತುಂಬಿದ ಬಗೆಯನ್ನು ಇನ್ನು ಹೇಳುವೆನು.

ವ್ಯಸನ ಬಿಟ್ಟವನಿಗೆ ತಿಂಗಳುಗಟ್ಟಲೆ ನಿದ್ರೆಯು ಸರಿಯಾಗಿ ಬರುವದಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಕುಳಿತು ಗೋಡೆಯನ್ನು ನೋಡುವನು. ಆ ಹೊತ್ತಿಗೆ ಅವನಿಗೆ ಬೋಧನೆ ಬೇಡ, ಕೆಲಸ ಬೇಕು. ಕಡಲೆಯ ಸುಗ್ಗಿಯಲ್ಲಿ ಇಬ್ಬನಿ ಆರುವ ಮುಂಚೆ ಗಿಡ ಕೀಳಬೇಕಾಗುವದು. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ನೆಲದ ಪಾಲು. ಅವನು ನನ್ನೊಡನೆ ಹೊಲಕ್ಕೆ ಬರತೊಡಗಿದನು. ನಾವಿಬ್ಬರೂ ಹೆಚ್ಚು ಮಾತನಾಡುತ್ತಿರಲಿಲ್ಲ. ಸಾಲು ಮುಗಿದಾಗ ಕೈಗೆ ಹತ್ತಿದ ಹುಳಿಯನ್ನು ಒರಸಿಕೊಂಡು ರೊಟ್ಟಿ ತಿನ್ನುತ್ತಿದ್ದೆವು. ಮೂತ್ರಪರೀಕ್ಷೆಯ ಕೆಲಸವನ್ನು ಆಸ್ಪತ್ರೆಯವರಿಗೆ ಬಿಟ್ಟೆವು. ಮನೆಯಲ್ಲಿ ಯಾರೂ ಅವನ ಜೇಬು ತಡಕಲಿಲ್ಲ. ರೊಕ್ಕವನ್ನು ಮಾತ್ರ, ಅವನ ಒಪ್ಪಿಗೆಯಿಂದಲೇ, ಮೊದಲ ವರುಷ ಅವನ ಕೈಯಲ್ಲಿ ಕೊಡಲಿಲ್ಲ. ಅವನ ತಾಯಿಯು ಪ್ರತಿ ಸಂಜೆ ಕೇಳಿದ ಪ್ರಶ್ನೆಯು ಒಂದೇ: "ಉಂಡೀ ಏನಪ್ಪಾ?"

ಒಂದು ವರುಷ ತುಂಬಿದಾಗ ಮಠದ ಹಿರಿಯರು ಅವನನ್ನು ಕರೆಯಿಸಿ ದಾಸೋಹದ ಉಗ್ರಾಣದ ಲೆಕ್ಕವನ್ನು ಬರೆಯಲು ಹೇಳಿದರು. ಕೀಲಿಕೈಯನ್ನೂ ಅವನ ಕೈಯಲ್ಲಿಯೇ ಇಟ್ಟರು. ತಾಯಿಯ ಬೆಂಡೋಲೆಗಳನ್ನು ಮಾರಿದ ಕೈಗೆ ಊರಿನ ಅಕ್ಕಿ ಬೇಳೆಗಳ ಕೀಲಿಕೈ! ಅವನು ಮನೆಗೆ ಬಂದು ಬಹಳ ಹೊತ್ತು ಮಾತನಾಡದೆ ಕುಳಿತನು. ಆ ತಿಂಗಳಿನ ಲೆಕ್ಕದಲ್ಲಿ ಒಂದು ಸೇರು ಕಾಳೂ ಹೆಚ್ಚುಕಡಿಮೆಯಾಗಲಿಲ್ಲ. ಔಷಧವು ಅವನನ್ನು ಸಾವಿನಿಂದ ತಡೆದಿತ್ತು. ಕೀಲಿಕೈಯು ಅವನಿಗೆ ಬದುಕುವ ಕಾರಣವನ್ನು ಕೊಟ್ಟಿತು. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು.

ಕಡೆಯದಾಗಿ ಕೆಲವು ಉಪಯುಕ್ತ ಸಂಗತಿಗಳು. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ತರುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ ಮಾಡಿ ತೋರಿಸಿದರು. ಮುಂದೆ ಅದೇ ಮಾದರಿಯು ದೇಶದ ಜಿಲ್ಲೆಗಳಿಗೆ ಹಬ್ಬಿತು. ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯು ನಮಗೆ ದೂರವಲ್ಲ. ವ್ಯಸನದ ವಿಷಯಕ್ಕೆ 14446, ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್ ಅವರ 14416, ಈ ಸಂಖ್ಯೆಗಳಿಗೆ ಫೋನು ಮಾಡಿದರೆ ದುಡ್ಡು ಬೀಳುವದಿಲ್ಲ. ಪೊಲೀಸರ ಭಯದಿಂದ ರೋಗವನ್ನು ಮುಚ್ಚಿಡುವವರಿಗೆ ಇನ್ನೊಂದು ಮಾತು: 1985ರ ಮಾದಕದ್ರವ್ಯಗಳ ಕಾಯಿದೆಯ 64-ಎ ಕಲಮಿನಂತೆ, ಸೇವನೆಯ ಇಲ್ಲವೆ ಅಲ್ಪ ಪ್ರಮಾಣದ ಆರೋಪಕ್ಕೆ ಗುರಿಯಾದ ವ್ಯಸನಿಯು ತಾನಾಗಿಯೇ ಸರಕಾರಿ ಇಲ್ಲವೆ ಮನ್ನಣೆ ಪಡೆದ ಸ್ಥಳದಲ್ಲಿ ಚಿಕಿತ್ಸೆಗೆ ಒಳಪಟ್ಟರೆ ಅವನಿಗೆ ಖಟ್ಲೆಯಿಂದ ರಕ್ಷಣೆಯುಂಟು, ಚಿಕಿತ್ಸೆಯನ್ನು ಪೂರ್ಣ ಮಾಡದಿದ್ದರೆ ಆ ರಕ್ಷಣೆಯನ್ನು ಹಿಂತೆಗೆಯಬಹುದು.

ಬಂಧುಗಳೇ, ನಿಮ್ಮ ಓಣಿಯಲ್ಲಿಯೂ ನಾಳೆ ಒಬ್ಬ ಹುಡುಗನು ಆಸ್ಪತ್ರೆಯಿಂದ ಮರಳಿ ಬಂದಾನು. ಅವನನ್ನು ಕಂಡಾಗ ಹಿಂದಿನದನ್ನು ಕೆದಕಬೇಡಿರಿ, ಔಷಧವನ್ನು ಹಂಗಿಸಬೇಡಿರಿ. ರಾಶಿಗೆ ಕೈ ಕಮ್ಮಿ ಬಿದ್ದಿದ್ದರೆ ಕರೆಯಿರಿ, ದಾಸೋಹದಲ್ಲಿ ನೀಡಲು ಜನ ಬೇಕಾಗಿದ್ದರೆ ಕರೆಯಿರಿ, ಅಂಗಡಿಯ ಲೆಕ್ಕಕ್ಕೆ ಅಕ್ಷರಸ್ಥನು ಬೇಕಾಗಿದ್ದರೆ ಕರೆಯಿರಿ. ಮೊದಲು ಸಣ್ಣ ಕೆಲಸ, ಬಳಿಕ ದೊಡ್ಡದು. ಆದರೆ ಕರೆಯುವದನ್ನು ಮಾತ್ರ ನಾಳೆಗೆಂದು ತಳ್ಳಬೇಡಿರಿ.